ಥೂ ಅನ್ನಬೇಡಿ, ಗೋಡೆ ಹಿಡ್ಕೊಳ್ಳಿ

ನಾನು ಯೋಗಕ್ಕೆ ಸೇರಿದ್ದು ಆರೋಗ್ಯದ ಮೇಲಿನ ಪ್ರೀತಿಯಿಂದ ಅಲ್ಲ, ಸೊಂಟನೋವಿಗೆ ಹೆದರಿ. ಹತ್ತು ವರ್ಷ ಕಂಪ್ಯೂಟರ್ ಮುಂದೆ ಕೂತಿದ್ದರ ಫಲವೋ ಏನೋ, ಒಂದು ಬೆಳಗ್ಗೆ ಶೂ ಲೇಸ್ ಕಟ್ಟೋಕೆ ಬಗ್ಗಿದವನು ಮೇಲೇಳಲಾಗದೆ ಹಾಗೇ ನಿಂತುಬಿಟ್ಟೆ. ಮಾತ್ರೆ, ಫಿಸಿಯೋಥೆರಪಿ ಎಲ್ಲ ಮುಗಿದ ಮೇಲೆ ಡಾಕ್ಟರ್, "ಇನ್ನು ನಿಧಾನಕ್ಕೆ ಯೋಗ ಶುರು ಮಾಡಿ" ಅಂದ್ರು. ಅದರಲ್ಲಿ ‘ನಿಧಾನಕ್ಕೆ’ ಅನ್ನೋ ಪದ ಮಾತ್ರ ನನ್ನ ಕಿವಿಗೆ ಬೀಳಲಿಲ್ಲ.

ಮೊಬೈಲ್‌ನಲ್ಲಿ ವಿಡಿಯೊ ಹಾಕ್ಕೊಂಡು ಸೂರ್ಯನಮಸ್ಕಾರ ಶುರು ಮಾಡಿದೆ. ಮೊದಲ ದಿನವೇ ಹನ್ನೆರಡು ಸುತ್ತು! ವಿಡಿಯೊದ ಹುಡುಗನ ಹಣೆ ಮಂಡಿಗೆ ತಾಗ್ತಿತ್ತು, ನನ್ನ ಕೈ ಮಂಡಿಯಿಂದ ಕೆಳಗೆ ಇಳೀತಿರಲಿಲ್ಲ. ಹಲ್ಲು ಕಚ್ಚಿ ಬಗ್ಗಿದೆ. ನಾಲ್ಕನೇ ದಿನ ತೊಡೆಯ ಹಿಂಭಾಗ ಚಳಕ್ ಅಂತು. ಅಲ್ಲಿಗೆ ಯೋಗ ಮುಗೀತು. ಹತ್ತು ದಿನ ಕುಂಟುತ್ತಾ ಆಫೀಸಿಗೆ ಹೋದೆ.

ಕೊನೆಗೆ ಹೆಂಡತಿಯೇ ವಿಚಾರಿಸಿ, ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆಯೋ ಕ್ಲಾಸಿಗೆ ಹೆಸರು ಬರೆಸಿದಳು. ಹೊಸಬರಿಗೆ, ಹಿರಿಯರಿಗೆ ಅಂತ ಅದನ್ನ ನಡೆಸ್ತಾರೆ. ಹೋಗಿ ನೋಡಿದ್ರೆ ಹನ್ನೆರಡು ಜನ, ಅರ್ಧಕ್ಕರ್ಧ ನಿವೃತ್ತರು. ಮೂಲೆಯಲ್ಲಿ ಮಡಚುವ ಕುರ್ಚಿಗಳು, ದಿಂಬು, ಬೆಲ್ಟು, ಇಟ್ಟಿಗೆ ಆಕಾರದ ಮರದ ತುಂಡುಗಳು. ನನ್ನಂಥವನನ್ನ ಇಲ್ಲಿಗೆ ಯಾಕೆ ಸೇರಿಸಿದಳಪ್ಪಾ ಅಂದುಕೊಂಡೆ.

ಹೇಳಿಕೊಡೋರು ಐವತ್ತು ದಾಟಿದ ಮಹಿಳೆ. ಮೊದಲು ಕೇಳಿದ್ದು ಬಿಪಿ ಇದೆಯಾ, ಬೆನ್ನು ಹೇಗಿದೆ, ಮಂಡಿ ಹೇಗಿದೆ ಅಂತ. ಆಮೇಲೆ ಎರಡೇ ನಿಯಮ ಹೇಳಿದ್ರು. "ಎಳೆತ ಇರಲಿ, ಚುಚ್ಚೋ ನೋವು ಬೇಡ. ಉಸಿರು ಕಟ್ಟಿದ ಹಾಗಾದ್ರೆ ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬನ್ನಿ."

ಅವತ್ತು ವೃಕ್ಷಾಸನ. ಒಂದು ಪಾದ ಇನ್ನೊಂದು ತೊಡೆಗೆ ಒತ್ತಿ, ಒಂಟಿ ಕಾಲಲ್ಲಿ ನಿಲ್ಲಬೇಕು. ಎರಡು ಸೆಕೆಂಡಿಗೆ ತೂರಾಡಿ ಕಾಲು ಕೆಳಗಿಟ್ಟೆ. "ಥೂ!" ಅಂದೆ. ಮತ್ತೆ ನಿಂತೆ, ಮತ್ತೆ ತೂರಾಡಿದೆ, ಮತ್ತೆ "ಥೂ!" ಮೂರನೇ ಸಲಕ್ಕೆ ಮೇಡಂ ಹತ್ತಿರ ಬಂದ್ರು.

"ಯಾರಿಗೆ ಹೇಳ್ತಿದೀರಿ?"

"ಯಾರಿಗೂ ಇಲ್ಲ ಮೇಡಂ, ನನಗೇ."

"ಪಕ್ಕದಲ್ಲಿ ಈ ಯಜಮಾನರು ತೂರಾಡಿದ್ರೆ ಅವರಿಗೂ ಹಾಗೇ ಹೇಳ್ತಿದ್ರಾ?"

"ಛೆ ಛೆ, ಎಲ್ಲಾದ್ರೂ ಉಂಟಾ!"

ಯಜಮಾನರು ಜೋರಾಗಿ ನಕ್ಕರು. ಮೇಡಂ ನನ್ನನ್ನ ಗೋಡೆ ಪಕ್ಕಕ್ಕೆ ಕರ್ಕೊಂಡು ಹೋಗಿ, ಒಂದು ಕೈ ಗೋಡೆಗೆ ಇಡಿಸಿ, ಪಾದ ತೊಡೆಗೆ ಬದಲು ಮೀನಖಂಡದ ಹತ್ತಿರ ಇಡಿಸಿದ್ರು. "ಗೋಡೆ ಹಿಡ್ಕೊಂಡ್ರೆ ಅದು ಆಸನ ಆಗುತ್ತಾ ಮೇಡಂ?" ಅಂದೆ.

ಆಗ ಅವರು ಬಿ.ಕೆ.ಎಸ್. ಅಯ್ಯಂಗಾರರ ಬಗ್ಗೆ ಹೇಳಿದ್ರು. 1918ರಲ್ಲಿ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಲ್ಲಿ ಹುಟ್ಟಿದವರು. ಮಲೇರಿಯಾ, ಟೈಫಾಯ್ಡ್, ಕ್ಷಯ ಅಂತ ಬಾಲ್ಯವೆಲ್ಲ ಕಾಯಿಲೆ. ಮೈಸೂರಲ್ಲಿ ಅಕ್ಕನ ಗಂಡ ಕೃಷ್ಣಮಾಚಾರ್ಯರ ಹತ್ತಿರ ಯೋಗಕ್ಕೆ ನಿಂತಾಗ ಆ ಹುಡುಗನ ಮೈ ಬಗ್ಗುತ್ತಲೇ ಇರಲಿಲ್ಲವಂತೆ. ಮುಂದೆ ಕುರ್ಚಿ, ಬೆಲ್ಟು, ಹಗ್ಗ, ಮರದ ತುಂಡುಗಳನ್ನ ಯೋಗಶಾಲೆಗೆ ತಂದು ಲೋಕಕ್ಕೆಲ್ಲ ಪರಿಚಯ ಮಾಡಿಸಿದ್ದು ಅವರೇ. "ಪಾಠ ಮಾಡೋವಾಗ ಅವರೇನು ಮೆದು ಮೇಷ್ಟ್ರಲ್ಲ. ಆದ್ರೂ ಕುರ್ಚಿ ಹಿಡ್ಕೊಳ್ಳೋದು ಮೋಸ ಅಂತ ಅವರಿಗೆ ಅನ್ನಿಸಲಿಲ್ಲ. ನಿಮಗ್ಯಾಕೆ ಅನ್ನಿಸ್ತಿದೆ?" ಅಂದ್ರು ಮೇಡಂ.

ಇನ್ನೊಂದು ಮಾತನ್ನೂ ಸೇರಿಸಿದ್ರು. ಪತಂಜಲಿಯ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಮೊದಲನೆಯದು ಯಮ, ಅದರಲ್ಲೂ ಮೊದಲು ಬರೋದು ಅಹಿಂಸೆ. "ಅದರ ಪಟ್ಟಿಯಲ್ಲಿ ನೀವೂ ಇದೀರಿ ಅನ್ನೋದು ಮರೀಬೇಡಿ."

ನಿಜ ಹೇಳ್ಬೇಕಂದ್ರೆ, ಆಗ ನನಗದು ಒಪ್ಪಿಗೆ ಆಗಲಿಲ್ಲ. ನನ್ನನ್ನ ನಾನು ಬೈದುಕೊಂಡಿದ್ದಕ್ಕೇ ಅಲ್ವಾ ಓದಿದ್ದು, ಕೆಲಸ ಹಿಡಿದಿದ್ದು? ತನ್ನ ಮೇಲೆ ತಾನೇ ಕರುಣೆ ತೋರಿಸೋದು ಅಂದ್ರೆ ಸೋಮಾರಿತನಕ್ಕೆ ಇಟ್ಟ ಚಂದದ ಹೆಸರು ಅಂತಲೇ ನನ್ನ ಲೆಕ್ಕ. ಆಫೀಸಲ್ಲಿ ಕೋಡ್ ತಪ್ಪಿದ್ರೆ ಥೂ, ಟ್ರಾಫಿಕ್‌ನಲ್ಲಿ ತಪ್ಪು ತಿರುವು ತಗೊಂಡ್ರೆ ಥೂ, ಹಾಲು ಉಕ್ಕಿದ್ರೆ ಥೂ. ಅದೊಂದು ಬೈಗುಳ ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಅದೇ ವಾರ ಒಂದು ಸಂಜೆ ಮಗಳು ಹೋಂವರ್ಕ್ ಮಾಡ್ತಿದ್ದಳು. ಆರು ವರ್ಷ. ‘ಣ’ ಅಕ್ಷರದ ಸುರುಳಿ ಅವಳಿಗೆ ಒಲೀತಿರಲಿಲ್ಲ. ಬರೆದಳು, ಅಳಿಸಿದಳು, ಬರೆದಳು, ಅಳಿಸಿದಳು. ಹಾಳೆ ಹರೀತು. ಪೆನ್ಸಿಲ್ ಎಸೆದು, "ಥೂ! ನಂಗೇನೂ ಬರಲ್ಲ" ಅಂದಳು.

ಮಾತಷ್ಟೇ ಅಲ್ಲ, ಆ ಧ್ವನಿ, ಆ ತಲೆ ಕೊಡವೋ ರೀತಿ ಎಲ್ಲವೂ ನಂದೇ. ಅವಳಿಗೆ ಅದನ್ನ ಯಾರೂ ಕಲಿಸಿರಲಿಲ್ಲ. ಮನೆಯಲ್ಲಿ ದಿನಾ ಕೇಳಿದ್ದಳು, ಅಷ್ಟೇ. ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯ್ತು.

"ಇಲ್ಲ ಪುಟ್ಟಿ, ನೀನು ಜಾಣೆ" ಅಂದೆ. "ಸುಳ್ಳು" ಅಂದಳು. ಆ ವಯಸ್ಸಿನ ಮಕ್ಕಳಿಗೆ ಬರೀ ಹೊಗಳಿಕೆ ಗೊತ್ತಾಗಿಬಿಡುತ್ತೆ. ಏನು ಮಾಡೋದು ಅಂತ ತೋಚದೆ, ಹೊಸ ಹಾಳೆಯಲ್ಲಿ ಚುಕ್ಕಿ ಚುಕ್ಕಿಯಾಗಿ ‘ಣ’ ಇಟ್ಟುಕೊಟ್ಟೆ. "ಇದರ ಮೇಲೆ ತಿದ್ದು."

"ಅದು ಮೋಸ ಅಲ್ವಾ ಅಪ್ಪಾ?"

"ಅಲ್ಲ. ನಂಗೂ ಯೋಗ ಕ್ಲಾಸಲ್ಲಿ ಗೋಡೆ ಕೊಟ್ಟಿದಾರೆ."

ಅವಳು ಕಣ್ಣರಳಿಸಿ ನಕ್ಕಳು. ಆಮೇಲೆ ತಿದ್ದಿದಳು.

ಈಗ ಐದು ತಿಂಗಳಾಯ್ತು. ವಿಡಿಯೊ ನೋಡಿ ಹಲ್ಲು ಕಚ್ಚಿ ಮಾಡಿದ ಯೋಗ ನಾಲ್ಕು ದಿನ ಬಾಳಿತು. ಈ ಕುರ್ಚಿ, ದಿಂಬಿನ ಯೋಗ ವಾರಕ್ಕೆ ಮೂರು ದಿನ ತಪ್ಪದೆ ನಡೀತಿದೆ. ಸೋಮಾರಿತನದ ಬಗ್ಗೆ ನನ್ನ ಲೆಕ್ಕ ಅಲ್ಲೇ ತಲೆಕೆಳಗಾಯ್ತು. ಬೈಗುಳ ಇಲ್ಲದ ಜಾಗಕ್ಕೆ ಮತ್ತೆ ಹೋಗೋಕೆ ಮನಸ್ಸಾಗುತ್ತೆ. ಪಶ್ಚಿಮೋತ್ತಾನಾಸನದಲ್ಲಿ ಮಂಡಿ ಸ್ವಲ್ಪ ಮಡಚಿ, ಪಾದಕ್ಕೆ ಟವೆಲ್ ಹಾಕಿ ಹಿಡ್ಕೊಳ್ತೀನಿ. ಬೆರಳಿಗೂ ಕೈಗೂ ಇನ್ನೂ ಒಂದು ಗೇಣು ದೂರ ಇದೆ. ಇರಲಿ. ಶೂ ಲೇಸ್ ಮಾತ್ರ ನೋವಿಲ್ಲದೆ ಕಟ್ತೀನಿ. ಹೊಸದಾಗಿ ಶುರು ಮಾಡೋರಿಗೆ ನಾನು ಹೇಳೋದು ಇಷ್ಟೇ: ನಿಮ್ಮ ತೊಂದರೆ ಏನು ಅಂತ ಮೊದಲು ಕೇಳೋ ಟೀಚರ್ ಇರೋ ಕಡೆ ಸೇರಿ. ಹಳೇ ನೋವಿದ್ರೆ ಡಾಕ್ಟರ್‌ಗೂ ಒಂದು ಮಾತು ಹೇಳಿ.

‘ಥೂ’ ಪೂರ್ತಿ ಹೋಗಿದೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಮೊನ್ನೆ ಭಾನುವಾರ ಹಾಲ್‌ನಲ್ಲಿ ವೃಕ್ಷಾಸನ ಮಾಡ್ತಿದ್ದೆ. ಗೋಡೆ ಬಿಟ್ಟು ನೋಡೋಣ ಅಂತ ಕೈ ತೆಗೆದೆ, ತೂರಾಡಿದೆ, ಮಾತು ತುದಿನಾಲಗೆಗೆ ಬಂತು. ಅಷ್ಟರಲ್ಲಿ ನೆಲದ ಮೇಲೆ ಚಿತ್ರ ಬಿಡಿಸ್ತಿದ್ದ ಮಗಳು ತಲೆ ಎತ್ತದೇ ಹೇಳಿದಳು:

"ಅಪ್ಪಾ, ಗೋಡೆ ಹಿಡ್ಕೋ."

ಹಿಡ್ಕೊಂಡೆ.