ಮಾಮಾ ಹೆಸಾಬು

ನೈರೋಬಿಯಲ್ಲಿ ಯಾರಾದರೂ ಎಡವಿ ಬಿದ್ದರೆ ಪಕ್ಕದಲ್ಲಿದ್ದವರು ‘ಪೋಲೆ’ ಅನ್ನುತ್ತಾರೆ. ಬೀಳಿಸಿದವರು ಅವರಲ್ಲ, ಆದರೂ ಅನ್ನುತ್ತಾರೆ. ನೆಗಡಿಯಾಗಿದೆ ಅಂದರೆ ಪೋಲೆ, ಬಸ್ಸು ತಪ್ಪಿತು ಅಂದರೆ ಪೋಲೆ, ಮನೆಯಲ್ಲಿ ಸಾವಾದರೆ ಪೋಲೆ ಸಾನಾ. ನಮ್ಮ ‘ಅಯ್ಯೋ ಪಾಪ’ಕ್ಕೆ ಹತ್ತಿರದ ಮಾತು, ಆದರೆ ‘ಪಾಪ’ದಲ್ಲಿ ಮೇಲೆ ನಿಂತು ಕೆಳಗೆ ನೋಡುವ ಒಂದು ಕಣ್ಣಿದೆಯಲ್ಲ, ಅದು ಇದರಲ್ಲಿಲ್ಲ. 2009ರಲ್ಲಿ ಈ ಊರಿಗೆ ಬಂದ ಹೊಸತರಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಜಾರಿದಾಗ ಒಬ್ಬ ಹುಡುಗ ‘ಪೋಲೆ ಮಾಮಾ’ ಅಂದಿದ್ದ. ತಿಪಟೂರಿನ ನನ್ನ ಕಿವಿಗೆ ಅದು ‘ಪೋಲಿ’ ಎಂದೇ ಕೇಳಿಸಿ, ಅವನನ್ನು ದುರುಗುಟ್ಟಿಕೊಂಡು ನೋಡಿದ್ದೆ.

2016ರಲ್ಲಿ ಪೋಲೆ ಅನ್ನಿಸಿಕೊಳ್ಳುವ ಕಾರಣಗಳು ಒಂದರ ಹಿಂದೊಂದು ಬಂದವು. ರಜೆಗೆಂದು ಬೆಂಗಳೂರಿಗೆ ಹೋದ ಗಂಡ ವಾಪಸು ಬರಲಿಲ್ಲ. ಮಾರ್ಚ್‌ನಲ್ಲಿ ವಕೀಲರ ಕಾಗದ ಬಂತು. ಅದರ ವಿವರ ಇಲ್ಲಿ ಬರೆಯುವುದಿಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ತಪ್ಪು ಯಾರದು ಎಂದು ಬರೆಯಲು ಕೂತರೆ ನಾನು ನನ್ನ ಪರವಾಗಿಯೇ ಬರೆದುಬಿಡುತ್ತೇನೆ. ಎರಡನೆಯದನ್ನು ಹೇಳಲೇಬೇಕು, ಯಾಕೆಂದರೆ ಅದರಲ್ಲಿ ತಪ್ಪು ನನ್ನದೇ. ನಾನಾಗ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಕಾಗದ ಬಂದ ವಾರದಲ್ಲೇ ಒಂದು ಬಿಲ್ಲಿಗೆ ಎರಡು ಸಲ ಹಣ ಕಳಿಸಿಬಿಟ್ಟೆ. 3,80,000 ಶಿಲ್ಲಿಂಗ್. ಮೂರು ವಾರದಲ್ಲಿ ಹಣ ಪೂರ್ತಿ ವಾಪಸು ಬಂತು. ನನ್ನ ಪಾಸ್‌ವರ್ಡ್ ವಾಪಸು ಬರಲಿಲ್ಲ. ಕೆಲಸದಿಂದ ತೆಗೆಯಲಿಲ್ಲ, ಹಳೆಯ ಫೈಲುಗಳ ಕೋಣೆಯಲ್ಲಿ ಕೂರಿಸಿದರು. ವರ್ಕ್ ಪರ್ಮಿಟ್ ಅದೇ ಕಂಪನಿಯ ಮೇಲಿತ್ತು, ಹಾಗಾಗಿ ಬಿಟ್ಟು ನಡೆಯುವ ಹಾಗೂ ಇರಲಿಲ್ಲ. ಈ ದೇಶಕ್ಕೆ ಬಂದಾಗ ನನಗಿದ್ದದ್ದು ಡಿಪೆಂಡೆಂಟ್ ಪಾಸ್, ಅಂದರೆ ಗಂಡನಿಗೆ ಜೋತುಬಿದ್ದವಳು ಎಂಬ ಮುದ್ರೆ. ಅದನ್ನು ಸ್ವಂತ ಪರ್ಮಿಟ್ ಮಾಡಿಕೊಳ್ಳಲು ಮೂರು ವರ್ಷ ಹೆಣಗಿದ್ದೆ. ಅದು ಇನ್ನು 2018ರ ಮೇ ತಿಂಗಳವರೆಗೆ ಮಾತ್ರ.

‘ಬಂದ್ಬಿಡು’ ಅಂದಳು ಅಮ್ಮ ಫೋನಿನಲ್ಲಿ. ಬರಬಹುದಿತ್ತು. ಆದರೆ ತಿಪಟೂರಿನ ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಯವರೆಗೆ ಎಷ್ಟು ಜಗಲಿಗಳಿವೆ, ಪ್ರತಿ ಜಗಲಿಯಿಂದಲೂ ‘ಒಬ್ಳೇ ಬಂದ್ಯಾ?’ ಎಂಬ ಪ್ರಶ್ನೆ ಹೇಗೆ ಇಳಿದು ಬರುತ್ತದೆ ಎಂಬುದು ನನಗೆ ಗೊತ್ತಿತ್ತು.

ದೊಡ್ಡ ಮನೆ ಬಿಟ್ಟು ಹರ್ಲಿಂಗ್‌ಹ್ಯಾಮ್‌ನಲ್ಲಿ ಒಂದು ಕೋಣೆ ಹಿಡಿದೆ. ಹೆಸರು ಲಂಡನ್ನಿನಿಂದ ಎರವಲು ತಂದದ್ದು. ಇದರ ಮುಖ್ಯರಸ್ತೆಗೆ ಆರ್ಗ್ವಿಂಗ್ಸ್ ಕೊಧೆಕ್ ಅವರ ಹೆಸರು. ಕೆನ್ಯಾದ ಮೊದಲ ಆಫ್ರಿಕನ್ ವಕೀಲರು, ಸ್ವಾತಂತ್ರ್ಯದ ನಂತರ ಮಂತ್ರಿಯಾದವರು. 1969ರ ಜನವರಿಯಲ್ಲಿ ಇದೇ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ ಸತ್ತರು. ಒಂದು ಕಡೆ ನೈರೋಬಿ ಆಸ್ಪತ್ರೆ, ಇನ್ನೊಂದು ಕಡೆ ಯಾಯಾ ಸೆಂಟರ್, ನಡುವೆ ಹಾರ್ನ್ ಹೊಡೆಯುತ್ತಾ ಓಡುವ 46ನೇ ನಂಬರಿನ ಮಟಾಟುಗಳು. ಆ ರಸ್ತೆ ದಾಟಲು ನನಗೆ ಕೆಲವು ದಿನ ಹದಿನೈದು ನಿಮಿಷ ಹಿಡಿಯುತ್ತಿತ್ತು. ವಾಹನ ಕಡಿಮೆಯಿದ್ದಾಗಲೂ. ಕಾಲು ಎತ್ತಿ ಮುಂದಿಡುವ ನಿರ್ಧಾರವನ್ನು ಬೇರೆ ಯಾರಾದರೂ ಮಾಡಲಿ ಎಂದು ಕಾಯುತ್ತಾ ನಿಲ್ಲುತ್ತಿದ್ದೆ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅಂಕಿಗಳು. ಬಿ.ಕಾಂ.ನಲ್ಲಿ ಕಾಲೇಜಿಗೇ ಮೊದಲಿಗಳಾಗಿದ್ದವಳು ಟೊಮೆಟೊ, ಈರುಳ್ಳಿ, ಹಾಲಿನ ಬಿಲ್ಲನ್ನು ಮೂರು ಸಲ ಕೂಡುತ್ತಿದ್ದೆ. ಮೂರು ಸಲವೂ ಒಂದೇ ಉತ್ತರ ಬಂದರೆ ಮೂರೂ ತಪ್ಪಿರಬೇಕು ಅನ್ನಿಸುತ್ತಿತ್ತು. ಬಿಸಿ ಹಾಲಿನಲ್ಲಿ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದುತ್ತದಂತೆ. ನಾನು ನೀರನ್ನೂ ಊದುತ್ತಿದ್ದೆ. ಗೆಳತಿಯೊಬ್ಬಳು ಪುಸ್ತಕಗಳನ್ನು ಕಳಿಸಿದಳು: ಕನ್ನಡಿಯ ಮುಂದೆ ನಿಂತು ‘ನಾನು ಸಮರ್ಥಳು’ ಎಂದು ಹೇಳಿಕೊಳ್ಳಬೇಕಂತೆ. ಎರಡು ದಿನ ಹೇಳಿಕೊಂಡೆ. ಕನ್ನಡಿಯಲ್ಲಿದ್ದವಳು ನಂಬಲಿಲ್ಲ.

ಬೆಳಿಗ್ಗೆ ಆರೂವರೆಗೆ ಬಸ್ ಸ್ಟಾಪಿನ ಪಕ್ಕ ಒಬ್ಬಾಕೆ ದೊಡ್ಡ ಫ್ಲಾಸ್ಕ್ ಇಟ್ಟುಕೊಂಡು ‘ಉಜಿ’ ಮಾರುತ್ತಿದ್ದಳು. ಒಂದು ದಿನ ಅದರ ವಾಸನೆ ಮೂಗಿಗೆ ಬಡಿದು ನಿಂತುಬಿಟ್ಟೆ. ರಾಗಿ ಅಂಬಲಿ! ಇವರು ಅದನ್ನು ‘ವಿಂಬಿ’ ಅನ್ನುತ್ತಾರೆ. ಆಮೇಲೆ ಓದಿ ತಿಳಿದೆ, ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಂದಲೇ ನಮ್ಮ ಕಡೆಗೆ ಬಂದದ್ದು. ಮುದ್ದೆ ನುಂಗಿ ಬೆಳೆದ ನನಗೆ ಅದು ಗೊತ್ತೇ ಇರಲಿಲ್ಲ. ಆಕೆ ಸಕ್ಕರೆ ಹಾಕಿ ಕೊಡುತ್ತಿದ್ದಳು. ನಾನು ಮನೆಯಿಂದ ಉಪ್ಪು, ಮಜ್ಜಿಗೆ ತಂದು ಬೆರೆಸಿಕೊಂಡು ಕುಡಿದರೆ, ಗಂಜಿಗೆ ಸೀಮೆಎಣ್ಣೆ ಸುರಿದವಳನ್ನು ನೋಡುವಂತೆ ನೋಡುತ್ತಿದ್ದಳು. ಹೀಗೆ ಆರೇಳು ತಿಂಗಳು. ನನ್ನ ಸ್ವಾಹಿಲಿ ಅಡುಗೆಮನೆ ದಾಟದ ಸ್ವಾಹಿಲಿ, ಆಕೆಯ ಇಂಗ್ಲಿಷ್ ರಸ್ತೆ ದಾಟದ ಇಂಗ್ಲಿಷ್. ಆದರೂ ಗಂಡ, ಕಾಗದ, ಫೈಲುಗಳ ಕೋಣೆ, ಎಲ್ಲವೂ ಒಂದೊಂದೇ ಲೋಟದ ಹೊತ್ತಿನಲ್ಲಿ ಆಕೆಗೆ ಗೊತ್ತಾಯಿತು. ಪ್ರತಿಯೊಂದಕ್ಕೂ ‘ಪೋಲೆ’ ಅಂದಳು. ಸಲಹೆ ಕೊಡಲಿಲ್ಲ. ಆ ವರ್ಷ ನನಗೆ ಸಲಹೆ ಕೊಡದಿದ್ದ ಮನುಷ್ಯರು ಬಹುಶಃ ಆಕೆಯೊಬ್ಬಳೇ.

2017ರ ಜೂನ್‌ನಲ್ಲಿ ಒಂದು ದಿನ, ತಮ್ಮ ‘ಚಾಮಾ’ದ ಪುಸ್ತಕ ಬರೆದುಕೊಡುತ್ತೀಯಾ ಎಂದು ಕೇಳಿದಳು.

ಚಾಮಾ ಅಂದರೆ ನಮ್ಮ ಚೀಟಿ. ಹೆಸರಷ್ಟೇ ಬೇರೆ. ಉಜಿಯವಳು, ತರಕಾರಿಯವರು, ಜೋಳ ಸುಡುವವಳು, ಹಳೆಬಟ್ಟೆ ಮಾರುವವರು, ಒಟ್ಟು ಹದಿನಾಲ್ಕು ಹೆಂಗಸರು. ವಾರಕ್ಕೆ ತಲೆಗೆ 200 ಶಿಲ್ಲಿಂಗ್; ಶುಕ್ರವಾರ ಸಂಜೆ ಸೇರುವ 2,800 ಸರದಿಯಂತೆ ಒಬ್ಬಳ ಕೈಗೆ. ನಮ್ಮ ಅಮ್ಮನೂ ಇಪ್ಪತ್ತು ವರ್ಷ ಚೀಟಿ ನಡೆಸಿದವಳು, ಆದರೆ ನಮ್ಮಲ್ಲಿ ಹರಾಜು, ಕೂಗಾಟ, ಕಮಿಷನ್ ಇತ್ತು. ಇಲ್ಲಿ ಅದ್ಯಾವುದೂ ಇಲ್ಲ. ಪುಸ್ತಕ ಬರೆಯುತ್ತಿದ್ದ ಹುಡುಗಿ ಮದುವೆಯಾಗಿ ಮೊಂಬಾಸಾಕ್ಕೆ ಹೋಗಿದ್ದಳು.

ನಾನು ಸಾಧ್ಯವಿಲ್ಲ ಅಂದೆ. ‘ನನ್ನ ಕೈಯಲ್ಲಿ ಲೆಕ್ಕ ತಪ್ಪುತ್ತದೆ. ನಿಮಗೆ ಹೇಳಿದ್ದೇನಲ್ಲ.’

ಆಕೆ ಆಸ್ಪತ್ರೆಯ ದಿಕ್ಕಿಗೆ ಕೈ ತೋರಿಸಿ, ವಂಗಾರಿ ಮಾಥಾಯ್ ಸತ್ತದ್ದು ಅಲ್ಲೇ, ಗೊತ್ತಾ ಎಂದು ಕೇಳಿದಳು. ನೊಬೆಲ್ ಪಡೆದ ಹೆಸರು ಗೊತ್ತಿತ್ತು. 2011ರ ಸೆಪ್ಟೆಂಬರ್ 25ರಂದು ನೈರೋಬಿ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ಗೊತ್ತಿರಲಿಲ್ಲ. ಉಜಿಯವಳ ಊರು ನ್ಯೇರಿ, ವಂಗಾರಿಯದೂ ಅದೇ ಸೀಮೆ. ಇವಳ ತಾಯಿ ವಂಗಾರಿಯ ಗ್ರೀನ್ ಬೆಲ್ಟ್ ಚಳವಳಿಗೆ ಸಸಿ ಬೆಳೆಸಿಕೊಟ್ಟವಳಂತೆ. ನೆಟ್ಟ ಸಸಿಗೆ ದುಡ್ಡಿಲ್ಲ, ಬದುಕಿ ಉಳಿದ ಸಸಿಗೆ ಮಾತ್ರ ಇಷ್ಟು ಸೆಂಟು. ಓದು ಬರಹ ಬಾರದ ಹೆಂಗಸರೇ ಎಣಿಸಿ ಲೆಕ್ಕ ಒಪ್ಪಿಸಬೇಕು. ‘ನಮ್ಮಮ್ಮ ಕೈಬೆರಳಲ್ಲಿ ಎಣಿಸುತ್ತಿದ್ದಳು. ಅವಳೂ ತಪ್ಪುತ್ತಿದ್ದಳು’ ಅಂದಳು.

ಆ ವಾರ ವಂಗಾರಿಯವರ ಆತ್ಮಕಥೆ ‘ಅನ್‌ಬೋಡ್’ ತಂದು ಓದಿದೆ. ಪರಿಸರದ ಪುಸ್ತಕ ಎಂದುಕೊಂಡು ತೆರೆದರೆ ನನಗೆ ಸಿಕ್ಕಿದ್ದು ಬೇರೆ. 1971ರಲ್ಲಿ ಡಾಕ್ಟರೇಟ್ ಪಡೆದ ಹೆಂಗಸು, ಪೂರ್ವ ಮತ್ತು ಮಧ್ಯ ಆಫ್ರಿಕಾಕ್ಕೇ ಮೊದಲಿಗಳು. ಗಂಡ ಬಿಟ್ಟುಹೋದ; 1979ರಲ್ಲಿ ಬಹಿರಂಗ ನ್ಯಾಯಾಲಯದಲ್ಲಿ, ಪತ್ರಕರ್ತರ ಎದುರಿನಲ್ಲಿ ವಿಚ್ಛೇದನ. ತೀರ್ಪನ್ನು ಟೀಕಿಸಿದ್ದಕ್ಕೆ ಆರು ತಿಂಗಳ ಸಜೆ. ಮೂರು ದಿನ ಜೈಲಿನಲ್ಲಿದ್ದು ಹೊರಬಂದರು. 1982ರಲ್ಲಿ ಸಂಸತ್ತಿನ ಉಪಚುನಾವಣೆಗೆ ನಿಲ್ಲಲೆಂದು ವಿಶ್ವವಿದ್ಯಾಲಯದ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲವೆಂದು ಸ್ಪರ್ಧಿಸಲು ಬಿಡಲಿಲ್ಲ. ವಾಪಸು ಹೋದರೆ ಕೆಲಸವೂ ಇಲ್ಲ, ವಿಶ್ವವಿದ್ಯಾಲಯದ ಮನೆಯೂ ಇಲ್ಲ. ನಲವತ್ತು ದಾಟಿದ ವಯಸ್ಸು. ಅವರಿಗೆ ಉಳಿದದ್ದು ಸೌತ್ ಸಿ ಬಡಾವಣೆಯಲ್ಲಿದ್ದ ಒಂದು ಸಣ್ಣ ಮನೆ ಮತ್ತು ಆಗಿನ್ನೂ ಸಣ್ಣದಾಗಿದ್ದ ಆ ಸಸಿಗಳ ಕೆಲಸ. ದೇಶ ಕಂಡ ದೊಡ್ಡ ಹೋರಾಟಗಳೆಲ್ಲ, 1989ರಲ್ಲಿ ಉಹುರು ಪಾರ್ಕಿನಲ್ಲಿ ಗಗನಚುಂಬಿ ಕಟ್ಟಡವನ್ನು ತಡೆದದ್ದು, ಕರೂರಾ ಕಾಡು ಉಳಿಸಿದ್ದು, ಎಲ್ಲ ಇದರ ನಂತರದ್ದು.

ನನ್ನ ಮನಸ್ಸಿನಲ್ಲಿ ಕೂತದ್ದು ಒಂದು ಸಣ್ಣ ಸಂಗತಿ. ವಿಚ್ಛೇದನದ ನಂತರ ಗಂಡ, ನನ್ನ ಹೆಸರು ಬಿಡು ಎಂದು ಪಟ್ಟುಹಿಡಿದ. ಈಕೆ ಬಿಡಲೂ ಇಲ್ಲ, ಹಾಗೇ ಇಟ್ಟುಕೊಳ್ಳಲೂ ಇಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ಇನ್ನೊಂದು ‘ಎ’ ಸೇರಿಸಿಕೊಂಡರು. ಕನ್ನಡದಲ್ಲಿ ಹೇಳುವುದಾದರೆ ಮಥಾಯ್ ಇದ್ದದ್ದು ಮಾಥಾಯ್ ಆಯಿತು, ಹ್ರಸ್ವಕ್ಕೆ ಒಂದು ದೀರ್ಘ ಕೊಟ್ಟರು. ಆದದ್ದನ್ನು ಅಳಿಸಲಿಲ್ಲ, ಅದರ ಪಕ್ಕದಲ್ಲಿ ತನ್ನದೊಂದನ್ನು ಬರೆದರು. ಪಾಸ್‌ಪೋರ್ಟಿನಲ್ಲಿದ್ದ ಗಂಡನ ಹೆಸರನ್ನು ಏನು ಮಾಡಲಿ ಎಂದು ಒಂದು ವರ್ಷ ನಿದ್ದೆಗೆಟ್ಟ ನನಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು.

ಶುಕ್ರವಾರ ಹೋದೆ. ಅಂಗಡಿ ಸಾಲಿನ ಹಿಂದೆ, ಜಕರಂಡಾ ಮರದ ಕೆಳಗೆ, ಬೋರಲು ಹಾಕಿದ ಸೋಡಾ ಕ್ರೇಟುಗಳ ಮೇಲೆ ಸಭೆ. ನಿಯಮ ಒಂದೇ: ದುಡ್ಡನ್ನು ಎಲ್ಲರ ಎದುರು, ಎಲ್ಲರಿಗೂ ಕೇಳುವ ಹಾಗೆ ಎಣಿಸಬೇಕು. ಮೊದಲ ನೋಟು ಎತ್ತಿದವಳ ಬಾಯಿಂದ ‘ಮೋಜಾ’ ಬರುವ ಬದಲು ‘ಲಾಭ’ ಎಂದು ಬಂದುಬಿಟ್ಟಿತು. ನಮ್ಮ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲವಲ್ಲ, ಹಾಗೆ. ಏನದು ಎಂದು ಕೇಳಿದರು. ವಿವರಿಸಿದೆ. ಅಂದಿನಿಂದ ಹರ್ಲಿಂಗ್‌ಹ್ಯಾಮ್‌ನ ಆ ಮರದ ಕೆಳಗೆ ಎಣಿಕೆ ‘ಲಾಭಾ, ಎಂಬಿಲಿ, ತಾತು’ ಎಂದೇ ಶುರುವಾಗುತ್ತದೆ.

ಇನ್ನೊಂದೂ ಆಯಿತು. ಇಲ್ಲಿ ಹೆಂಗಸರನ್ನು ಮೊದಲ ಮಗುವಿನ ಹೆಸರು ಹಿಡಿದು ಇಂಥವರ ಮಾಮಾ ಎಂದು ಕರೆಯುತ್ತಾರೆ. ನನಗೆ ಮಕ್ಕಳಿಲ್ಲ. ಹೆಸರೇನು ಎಂದು ಕೇಳಿದಾಗ ನಾನು ತಡವರಿಸಿದೆ. ಜೋಳದವಳು ತಾನೇ ತೀರ್ಮಾನಿಸಿದಳು: ‘ಮಾಮಾ ಹೆಸಾಬು.’ ಹೆಸಾಬು ಅಂದರೆ ಲೆಕ್ಕ. ನಮ್ಮ ಹುಬ್ಬಳ್ಳಿ ಕಡೆಯವರ ‘ಹಿಸೇಬು’ ಇದೆಯಲ್ಲ, ಅದೇ ಪದ, ಸಮುದ್ರದ ಈಚೆ ದಡದಲ್ಲಿ. ಲೆಕ್ಕದ ತಾಯಿ. ಫೈಲುಗಳ ಕೋಣೆಯಲ್ಲಿ ಕೂತವಳಿಗೆ ಈ ಬಿರುದು!

ಆ ವರ್ಷ ಕೆನ್ಯಾಕ್ಕೆಲ್ಲ ಎಣಿಕೆಯದೇ ಮಾತು. ಆಗಸ್ಟ್‌ನಲ್ಲಿ ನಡೆದ ಅಧ್ಯಕ್ಷ ಚುನಾವಣೆಯನ್ನು ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು. ಅದರ ಮುಂದಿನ ಶುಕ್ರವಾರ ನಮ್ಮ ಎಣಿಕೆಯೂ ತಪ್ಪಿತು. ಪುಸ್ತಕದಲ್ಲಿ 2,800, ಕ್ರೇಟಿನ ಮೇಲೆ 2,600.

ಕಿವಿಯಲ್ಲಿ ಗುಂಯ್ ಎಂದಿತು. ಮತ್ತೆ ಎಣಿಸಿದೆ, 2,600. ಮಾರ್ಚ್ ತಿಂಗಳ ಆ ಆಫೀಸು, ಬಾಗಿಲು ಹಾಕಿದ ಕೋಣೆ, ಮೇಜಿನ ಆಚೆಯ ಮೂವರು, ಎಲ್ಲ ಮರದ ಕೆಳಗೆ ಬಂದು ನಿಂತರು. ಕೈ ತಾನಾಗಿ ಪರ್ಸಿಗೆ ಹೋಯಿತು. 200 ಹಾಕಿಬಿಟ್ಟರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಉಜಿಯವಳು ನನ್ನ ಮಣಿಕಟ್ಟು ಹಿಡಿದಳು. ಪರ್ಸು ಮುಚ್ಚು, ಪುಸ್ತಕ ಓದು ಅಂದಳು. ಹೆಸರುಗಳನ್ನು ಒಂದೊಂದಾಗಿ ಓದಿದೆ. ಹನ್ನೊಂದನೆಯ ಹೆಸರಿಗೆ ಹಳೆಬಟ್ಟೆಯವಳು, ‘ನಾನು ಇನ್ನೂ ಕೊಟ್ಟಿಲ್ಲ, ಎಂ-ಪೇಸಾದಲ್ಲಿ ಕಳಿಸುತ್ತೇನೆ ಅಂದಿದ್ದೆ’ ಅಂದಳು. ಅವಳು ಹೇಳಿದ್ದೂ ನಿಜ, ಕೊಡದೆ ಇದ್ದವಳ ಹೆಸರಿಗೆ ನಾನು ಟಿಕ್ ಹಾಕಿದ್ದೂ ನಿಜ.

‘ತಪ್ಪು ನನ್ನದು’ ಅಂದೆ. ಸ್ವಾಹಿಲಿಯಲ್ಲಿ ಆ ವಾಕ್ಯ ಬಹಳ ಸಣ್ಣದು.

ಏನೂ ಆಗಲಿಲ್ಲ. ಯಾರೋ ‘ಪೋಲೆ’ ಅಂದರು. ಇನ್ಯಾರೋ, ಸುಪ್ರೀಂ ಕೋರ್ಟಿಗೆ ಹೋಗಬೇಕಾಗಿತ್ತು, ತಪ್ಪಿತು ಅಂದರು. ಗೊಳ್ಳೆಂದು ನಕ್ಕರು. ಟಿಕ್ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. ಹಳೆಬಟ್ಟೆಯವಳು ಫೋನ್ ತೆಗೆದಳು, ಮೆಸೇಜು ಬಂತು, ಮುಂದಿನ ಮಾತು ಟೊಮೆಟೊ ರೇಟಿಗೆ ಹೋಯಿತು. ನಾನು ಕ್ರೇಟಿನ ಮೇಲೆ ಕೂತೇ ಇದ್ದೆ. ಒಂದೂವರೆ ವರ್ಷ ಇನ್ನು ಮೇಲೆ ತಪ್ಪೇ ಆಗಬಾರದು ಎಂದು ಉಸಿರು ಬಿಗಿಹಿಡಿದಿದ್ದೆ. ತಪ್ಪಾಯಿತು, ಹೇಳಿದೆ, ತಿದ್ದಿದೆ, ಪುಸ್ತಕ ಇನ್ನೂ ನನ್ನ ತೊಡೆಯ ಮೇಲೇ ಇತ್ತು. ಅದನ್ನು ಯಾರೂ ಕಿತ್ತುಕೊಂಡಿರಲಿಲ್ಲ.

ಮಾರನೆಯ ದಿನದಿಂದ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಅಕ್ಟೋಬರ್‌ನಲ್ಲಿ ಮರು ಚುನಾವಣೆಯ ಗಲಾಟೆಗೆ ಹೆದರಿ ಎರಡು ವಾರ ಚಾಮಾ ನಿಂತಾಗ ನಾನು ಮತ್ತೆ ಹಾಸಿಗೆ ಹಿಡಿದಂತೆಯೇ ಇದ್ದೆ. ಆಫೀಸಿನಲ್ಲಿ ಪಾಸ್‌ವರ್ಡ್ ಕೊನೆಗೂ ಸಿಗಲಿಲ್ಲ. ಆದರೆ 2018ರ ಮಾರ್ಚ್‌ನಲ್ಲಿ ಬೇರೆ ಕಡೆ ಇಂಟರ್‌ವ್ಯೂಗೆ ಹೋದೆ. ಕೆಲಸದಲ್ಲಿ ಮಾಡಿದ ದೊಡ್ಡ ತಪ್ಪು ಯಾವುದು ಎಂದು ಕೇಳಿದರು. ಹೇಳಿದೆ, ಮೊತ್ತದ ಸಮೇತ. ಧ್ವನಿ ನಡುಗಿತು, ಆದರೂ ವಾಕ್ಯ ಪೂರ್ತಿಯಾಯಿತು. ಪರ್ಮಿಟ್ ಮುಗಿಯಲು ಐದು ವಾರ ಇರುವಾಗ ಆ ಕೆಲಸ ಸಿಕ್ಕಿತು.

ಅಷ್ಟರಲ್ಲಿ ಚಾಮಾದವರು ನನ್ನನ್ನು ಹದಿನೈದನೆಯ ಸದಸ್ಯೆ ಮಾಡಿಕೊಂಡಿದ್ದರು. ಏಪ್ರಿಲ್‌ನಲ್ಲಿ ನನ್ನ ಸರದಿ ಬಂತು. ಜೋರು ಮಳೆ, ಮರದ ಕೆಳಗೆ ಕೂರಲಾಗದೆ ಬಸ್ ಸ್ಟಾಪಿನ ಸೂರಿನಡಿ ಒತ್ತಿಕೊಂಡು ನಿಂತಿದ್ದೆವು. ತನ್ನ ಗಂಟನ್ನು ತಾನೇ ಎಣಿಸಬಾರದು ಎಂದು ನಾನೇ ನಿಯಮ ಹೇಳಿ ಪುಸ್ತಕವನ್ನು ಜೋಳದವಳ ಕೈಗೆ ಕೊಟ್ಟೆ. ಆಕೆ ಲಾಭಾ, ಎಂಬಿಲಿ, ತಾತು ಎಂದು ಗಟ್ಟಿಯಾಗಿ ಎಣಿಸಿದಳು. 3,000 ಇರಬೇಕಾದಲ್ಲಿ 2,800. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು.

ನನ್ನ ಪಾಲಿನದನ್ನೇ ಹಾಕುವುದನ್ನು ಮರೆತಿದ್ದೆ. ಪರ್ಸು ತೆಗೆದು ಒದ್ದೆ ಕೈಯಲ್ಲೇ 200ರ ನೋಟು ಇಟ್ಟೆ.

‘ಪೋಲೆ, ಮಾಮಾ ಹೆಸಾಬು’ ಅಂದಳು ಉಜಿಯವಳು, ಮಳೆಯ ಸದ್ದನ್ನೂ ಮೀರಿಸುವ ಹಾಗೆ.