ನಾಣ್ಯ ತಳ್ಳಿದವರು ಯಾರು?

ಹಾಸ್ಟೆಲಿನಿಂದ ರಜೆಗೆ ಬಂದ ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಪುಸ್ತಕವನ್ನೂ ತೆರೆಯಲಿಲ್ಲ. ಮೂರನೆಯ ದಿನ ಅವಳಮ್ಮ ತಲೆಗೆ ಎಣ್ಣೆ ಹಚ್ಚುತ್ತ ಕೂತಾಗ ವಿಷಯ ಹೊರಬಿತ್ತು. ಹಾಸ್ಟೆಲಿನ ಕೋಣೆಯಲ್ಲಿ ಒಂದು ರಾತ್ರಿ ಮೂವರು ಹುಡುಗಿಯರು ದೀಪ ಆರಿಸಿ, ಮೇಣದಬತ್ತಿ ಹಚ್ಚಿ, ರಟ್ಟಿನ ಮೇಲೆ ಇಂಗ್ಲಿಷ್ ಅಕ್ಷರಗಳನ್ನು ಬರೆದು, ನಡುವೆ ಒಂದು ನಾಣ್ಯವಿಟ್ಟು ಅದರ ಮೇಲೆ ಬೆರಳಿಟ್ಟಿದ್ದಾರೆ. ಪ್ಲಾಂಚೆಟ್ ಎಂದು ನಮ್ಮ ಕಾಲದ ಹಾಸ್ಟೆಲುಗಳಲ್ಲೂ ನಡೆಯುತ್ತಿದ್ದ ಆಟವೇ. ಪರೀಕ್ಷೆಯ ಬಗ್ಗೆ ಕೇಳಿದಾಗ ನಾಣ್ಯ ಮೆಲ್ಲಗೆ ಸರಿದು ಎಫ್, ಎ, ಐ, ಎಲ್ ಎಂಬ ನಾಲ್ಕು ಅಕ್ಷರಗಳ ಮೇಲೆ ನಿಂತು ಬಂತಂತೆ.

"ನಾನು ತಳ್ಳಲಿಲ್ಲ ಅಪ್ಪ. ಅವರಿಬ್ಬರೂ ತಳ್ಳಲಿಲ್ಲ, ಆಣೆ ಮಾಡಿದಾರೆ" ಎಂದಳು.

ಸುದ್ದಿ ಪಕ್ಕದ ಮನೆಗೂ ತಲುಪಿತು. ಬನಶಂಕರಿ ಕಡೆ ಒಬ್ಬರಿಗೆ ದೇವಿ ಮೈಮೇಲೆ ಬರುತ್ತಾಳೆ, ಕರೆದುಕೊಂಡು ಹೋಗಿ ಕೇಳಿಸಿ ಎಂದು ಸಲಹೆ ಬಂತು. ನನ್ನ ಹೆಂಡತಿಯ ಮನಸ್ಸು ಅತ್ತ ವಾಲಿತ್ತು. ನಾನು ನಗಲಿಲ್ಲ, ನಗುವ ಹಕ್ಕೂ ನನಗಿರಲಿಲ್ಲ. ನಮ್ಮಜ್ಜಿಗೂ ಮೈದುಂಬುತ್ತಿತ್ತು. ಜಾತ್ರೆಯ ದಿನ ಕೂದಲು ಬಿಚ್ಚಿ, ದನಿಯೇ ಬದಲಾಗಿ ಮಾತಾಡುತ್ತಿದ್ದಳು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಚಿಕ್ಕಪ್ಪನಿಗೆ ಕೆಲಸ ಸಿಕ್ಕ ವರ್ಷ, ಹೊಳೆ ದಾಟಬೇಡ ಎಂದು ಅಪ್ಪಣೆಯಾಯಿತು. ಚಿಕ್ಕಪ್ಪ ದಾಟಲಿಲ್ಲ. ಆ ಕೆಲಸದ ಕಾಗದ ಕೊನೆಯವರೆಗೂ ಅವರ ಟ್ರಂಕಿನಲ್ಲೇ ಉಳಿಯಿತು.

"ಒಂದು ಸಂಜೆ ನನಗೆ ಕೊಡಿ. ಆಮೇಲೆ ಎಲ್ಲಿಗೆ ಬೇಕಾದರೂ ಹೋಗೋಣ" ಎಂದು ತಾಯಿ ಮಗಳಿಬ್ಬರನ್ನೂ ಹೊರಡಿಸಿದೆ.

ಜೆ.ಪಿ. ನಗರದಲ್ಲಿ ಮೆಟ್ರೊ ಹತ್ತಿದೆವು. 2017ರಲ್ಲಿ ಈ ಹಾದಿ ತೆರೆದ ಮೇಲೆ ದಕ್ಷಿಣ ಬೆಂಗಳೂರನ್ನು ಮಾಳಿಗೆಯ ಮೇಲಿಂದ ನೋಡುವ ಭಾಗ್ಯ ನಮಗೆ ಬಂದಿದೆ. ಮೊದಲ ನಿಲ್ದಾಣವೇ ಬನಶಂಕರಿ. ರಾಹುಕಾಲದಲ್ಲಿ ನಿಂಬೆಹಣ್ಣಿನ ಹೋಳಿನಲ್ಲಿ ಎಣ್ಣೆ ಹಾಕಿ ದೀಪ ಹಚ್ಚಲು ಹೆಂಗಸರು ಸಾಲುಗಟ್ಟುವ ದೇವಸ್ಥಾನ ಅಲ್ಲೇ ಇದೆ. ಹೆಂಡತಿ ಕೂತಲ್ಲಿಂದಲೇ ಕೈಮುಗಿದಳು.

ಆರ್.ವಿ. ರಸ್ತೆ ದಾಟಿ ಜಯನಗರ ಬಂದಾಗ ಬಲಕ್ಕೆ ಕೈತೋರಿಸಿದೆ. ಆ ಮರಗಳಾಚೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿನ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರಿಚಾ, ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಜೊತೆ 1970ರ ದಶಕದಲ್ಲಿ ಒಂದು ವಿಚಿತ್ರ ಪ್ರಕರಣವನ್ನು ಅಭ್ಯಾಸ ಮಾಡಿದ್ದರು. ನಾಗಪುರದ ಮರಾಠಿ ಮಹಿಳೆಯೊಬ್ಬರು ಆಗಾಗ್ಗೆ, ಕೆಲವೊಮ್ಮೆ ದಿನಗಟ್ಟಲೆ, ತಾನು ಹತ್ತೊಂಬತ್ತನೆಯ ಶತಮಾನದ ಶಾರದೆ ಎಂಬ ಬಂಗಾಳಿ ಹೆಣ್ಣುಮಗಳೆಂದು ಬಂಗಾಳಿಯಲ್ಲೇ ಮಾತಾಡುತ್ತಿದ್ದರು. ಸಾಮಾನ್ಯ ಕಾರಣಗಳಿಂದ ಇದನ್ನು ವಿವರಿಸುವುದು ಕಷ್ಟ ಎಂದು ಸ್ಟೀವನ್‌ಸನ್ 1984ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಆಕೆ ಹಿಂದೆ ಸ್ವಲ್ಪ ಬಂಗಾಳಿ ಓದಲು ಕಲಿತಿದ್ದರೆಂಬುದನ್ನೂ ಮುಚ್ಚಿಡದೆ ಬರೆದರು. ಭಾಷಾಶಾಸ್ತ್ರಜ್ಞೆ ಸಾರಾ ಥಾಮಸನ್ ಅವರ ವಾದವನ್ನು ಒಪ್ಪಲಿಲ್ಲ. ಆ ಮಹಿಳೆ ನಾಟಕವಾಡಿದರೇ ಎಂಬುದು ಇಲ್ಲಿ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಗೊತ್ತಿರದ ಮಾತು ಬಾಯಿಗೆ ಎಲ್ಲಿಂದ ಬಂತು ಎಂಬುದೇ ಪ್ರಶ್ನೆ.

ಸೌತ್ ಎಂಡ್ ವೃತ್ತ, ಲಾಲ್‌ಬಾಗಿನ ಹಸಿರು, ಆಮೇಲೆ ನ್ಯಾಷನಲ್ ಕಾಲೇಜು. ಇಳಿದೆವು. ಬಸವನಗುಡಿಯ ಈ ಕಾಲೇಜನ್ನು ನೆನೆದರೆ ಖಾದಿ ಜುಬ್ಬ, ಗಾಂಧಿ ಟೋಪಿಯ ಡಾ. ಎಚ್. ನರಸಿಂಹಯ್ಯನವರು ಕಣ್ಮುಂದೆ ಬರುತ್ತಾರೆ. ಗೌರಿಬಿದನೂರಿನ ಬಳಿಯ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದರೂ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬಾಳಿದ ಬ್ರಹ್ಮಚಾರಿ ಮೇಷ್ಟ್ರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 2005ರಲ್ಲಿ ತೀರಿಕೊಂಡರು.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಅವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯೊಂದನ್ನು ರಚಿಸಿದರು. 'ಪರೀಕ್ಷಿಸಬಹುದಾದ' ಎಂಬ ಮಾತನ್ನು ಗಮನಿಸಿ. ಯಾರ ಭಕ್ತಿಯನ್ನೂ ತಕ್ಕಡಿಗೆ ಹಾಕಲು ಅವರು ಹೊರಟಿರಲಿಲ್ಲ. ಕಣ್ಣಿಗೆ ಕಾಣುವಂತೆ ಏನಾದರೂ ನಡೆಯುತ್ತದೆ ಎಂದು ಹೇಳಿದರೆ, ನಮ್ಮೆದುರಿಗೂ ನಡೆಯಲಿ ಎಂಬುದಷ್ಟೇ ಅವರ ಕೇಳಿಕೆ. ಸತ್ಯಸಾಯಿ ಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಪಾಂಡವಪುರದಲ್ಲಿ ಒಬ್ಬ ಪುಟ್ಟ ಹುಡುಗ ವಿಭೂತಿ ಸೃಷ್ಟಿಸುತ್ತಾನೆಂಬ ಸುದ್ದಿ ಹಬ್ಬಿದಾಗ ಸಮಿತಿ ಅಲ್ಲಿಗೇ ಹೋಯಿತು. ವಿಭೂತಿ ಹುಡುಗನ ಉಡುಪಿನೊಳಗೇ ಅಡಗಿತ್ತು.

ಮಗಳು ಗೇಟಿನ ಬಳಿ ನಿಂತೇಬಿಟ್ಟಳು. "ಆ ಹುಡುಗನ ಹತ್ತಿರ ಬಚ್ಚಿಟ್ಟಿದ್ದು ಇತ್ತು. ನಾವು ಏನನ್ನೂ ಬಚ್ಚಿಟ್ಟಿರಲಿಲ್ಲವಲ್ಲ ಅಪ್ಪ?"

ಒಳ್ಳೆಯ ಪ್ರಶ್ನೆ. ಗಾಂಧಿ ಬಜಾರಿನವರೆಗೆ ನಡೆದು, ಹೋಟೆಲೊಂದರಲ್ಲಿ ಕಾಫಿಗೆ ಹೇಳಿ, ಉತ್ತರ ಶುರು ಮಾಡಿದೆ.

ನರಸಿಂಹಯ್ಯನವರು ಓದಿ ಬೆಳೆದ ಶಿಕ್ಷಣ ಸಂಸ್ಥೆಯ ಮೂಲ 1917ರ ನ್ಯಾಷನಲ್ ಹೈಸ್ಕೂಲು. ಅದರ ಹಿಂದಿನ ಪ್ರೇರಣೆ ಆನಿ ಬೆಸೆಂಟ್, ಅಂದರೆ ಥಿಯಾಸಫಿಯ ಮುಂದಾಳು. ಆಕೆಯ ಗುರು ಬ್ಲಾವಟ್‌ಸ್ಕಿಯ ಪವಾಡಗಳನ್ನು ತನಿಖೆ ಮಾಡಲು 1884ರಲ್ಲಿ ಲಂಡನ್ನಿನಿಂದ ಮದರಾಸಿನ ಅಡ್ಯಾರಿಗೆ ಬಂದವನು ರಿಚರ್ಡ್ ಹಾಡ್ಜ್‌ಸನ್. ಎಲ್ಲವೂ ಮೋಸ ಎಂದು ಮರುವರ್ಷ ವರದಿ ಕೊಟ್ಟ. ನೂರು ವರ್ಷದ ಮೇಲೆ, 1986ರಲ್ಲಿ, ಅವನನ್ನು ಕಳಿಸಿದ್ದ ಸಂಸ್ಥೆಯ ಪತ್ರಿಕೆಯಲ್ಲೇ ಆ ವರದಿಯ ಲೋಪಗಳನ್ನು ತೋರಿಸುವ ಲೇಖನ ಬಂತು. ತನಿಖೆ ಮಾಡುವವನೂ ತನಿಖೆಗೆ ಹೊರತಲ್ಲ ನೋಡಿ.

ಇದೇ ಹಾಡ್ಜ್‌ಸನ್ 1887ರಲ್ಲಿ ಅಮೆರಿಕದ ಬಾಸ್ಟನ್ನಿಗೆ ಹೋದ. ಅಲ್ಲಿ ಲಿಯೊನೊರಾ ಪೈಪರ್ ಎಂಬ ಗೃಹಿಣಿಗೆ ಮೈಮೇಲೆ ಬರುತ್ತಿತ್ತು. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಆಗಲೇ ಆಕೆಯನ್ನು ಕಂಡು ಬೆರಗಾಗಿದ್ದರು. ಹಾಡ್ಜ್‌ಸನ್ ಆಕೆಯ ಹಿಂದೆ ಪತ್ತೇದಾರರನ್ನು ಬಿಟ್ಟ. ಕೇಳಲು ಬಂದವರ ಹೆಸರು ಮುಚ್ಚಿಟ್ಟ. ಆಕೆ ಎಲ್ಲಕ್ಕೂ ಒಪ್ಪಿ ಕೂತಳು, ಮೋಸ ಮಾಡಿ ಸಿಕ್ಕಿಬೀಳಲಿಲ್ಲ. ಆದರೆ ಆಕೆಯ ಬಾಯಲ್ಲಿ ಫ್ರೆಂಚ್ ವೈದ್ಯನೆಂದು ಮಾತಾಡುತ್ತಿದ್ದ ಆತ್ಮಕ್ಕೆ ಫ್ರೆಂಚ್ ಸರಿಯಾಗಿ ಬರುತ್ತಿರಲಿಲ್ಲ! ಹಾಡ್ಜ್‌ಸನ್ 1905ರಲ್ಲಿ ಸತ್ತ ಮೇಲೆ ಅವನ ಆತ್ಮವೇ ಆಕೆಯಲ್ಲಿ ಬರತೊಡಗಿತು. 1909ರಲ್ಲಿ ಸ್ಟ್ಯಾನ್ಲಿ ಹಾಲ್ ಎಂಬ ಮನಶ್ಶಾಸ್ತ್ರಜ್ಞ, ತನ್ನ ಒಡಹುಟ್ಟಿದವರ ತೀರಿಹೋದ ಮಗಳು ಬೆಸ್ಸಿ ಬೀಲ್ಸ್‌ಳನ್ನು ಕರೆಯುವಂತೆ ಆ ಆತ್ಮವನ್ನು ಕೇಳಿದ. ಬೆಸ್ಸಿ ಬಂದಳು, ಮಾತಾಡಿದಳು. ಅಂಥ ಹುಡುಗಿ ಹುಟ್ಟೇ ಇರಲಿಲ್ಲ, ಹಾಲ್ ಕಟ್ಟಿದ ಹೆಸರು ಅದು.

"ಹಾಗಾದರೆ ಆಯಮ್ಮ ಸುಳ್ಳಿ ತಾನೆ?" ಎಂದಳು ಹೆಂಡತಿ.

ಅಲ್ಲವೇನೋ. ಮಾತಾಡುವುದು ಸತ್ತವರೇ ಎಂಬ ಖಾತ್ರಿ ತನಗಿಲ್ಲವೆಂದು 1901ರಲ್ಲಿ ಪೈಪರ್ ತಾನೇ ಪತ್ರಿಕೆಗೆ ಹೇಳಿದ್ದಳು. ಮೋಸಕ್ಕೂ ದೈವಕ್ಕೂ ನಡುವೆ ಇನ್ನೊಂದು ಜಾಗವಿದೆ. ಅದು ನಮ್ಮದೇ ಮನಸ್ಸು, ನಮ್ಮದೇ ಸ್ನಾಯು. ಅದನ್ನು 1853ರಲ್ಲೇ ಅಳೆದು ತೋರಿಸಿದವರು ಮೈಕೆಲ್ ಫ್ಯಾರಡೆ. ಇಂಗ್ಲೆಂಡಿನಲ್ಲಿ ಆಗ ಜನ ಮೇಜಿನ ಸುತ್ತ ಕೂತು ಕೈಯಿಟ್ಟರೆ ಮೇಜು ಸರಿಯುತ್ತಿತ್ತು. ಫ್ಯಾರಡೆ ಕೈಗಳ ಕೆಳಗೆ ರಟ್ಟಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಮೆತ್ತನೆಯ ಅಂಟು ಹಾಕಿದರು. ಮೇಜು ತಾನಾಗಿ ಸರಿದಿದ್ದರೆ ಕೆಳಗಿನ ಹಾಳೆ ಮುಂದೆ ಹೋಗಿರಬೇಕಿತ್ತು. ಮುಂದೆ ಹೋದದ್ದು ಮೇಲಿನ ಹಾಳೆ. ತಳ್ಳಿದ್ದು ಕೈಗಳೇ! ಕೈ ಸರಿದರೆ ವಾಲುವ ಕಡ್ಡಿಯೊಂದನ್ನು ಜೋಡಿಸಿ ಕೂತವರ ಕಣ್ಣಿಗೆ ಕಾಣುವಂತೆ ಇಟ್ಟಾಗ ಮೇಜು ನಿಂತೇಹೋಯಿತು. ಅವರು ಪ್ರಾಮಾಣಿಕರೇ. ತಾವು ತಳ್ಳುತ್ತಿದ್ದೇವೆಂಬುದು ಅವರಿಗೇ ತಿಳಿದಿರಲಿಲ್ಲ.

ಆ ರಾತ್ರಿ ಮನೆಯಲ್ಲಿ ನಾವು ಮೂವರೂ ರಟ್ಟು, ನಾಣ್ಯ ಇಟ್ಟುಕೊಂಡು ಕೂತೆವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇರುವುದೇ ಇದಕ್ಕೆ. ನಮ್ಮಜ್ಜಿಯ ಹೆಸರಿನ ಮೊದಲಕ್ಷರ ಯಾವುದು ಎಂದು ಕೇಳಿದೆವು. ನಾಣ್ಯ ನಡುಗಿ, ಸರಿದು, ಎಂ ಮೇಲೆ ನಿಂತಿತು. ನನ್ನ ಮೈ ಜುಮ್ಮೆಂದಿತು. ನಾನೂ ತಳ್ಳಿರಲಿಲ್ಲ ಎಂದು ಆಣೆ ಮಾಡುತ್ತಿದ್ದೆ.

ಆಮೇಲೆ ಮೂವರೂ ಕಣ್ಣಿಗೆ ಟವೆಲು ಕಟ್ಟಿಕೊಂಡೆವು. ಪಕ್ಕದ ಮನೆಯ ಹುಡುಗ ಸದ್ದಿಲ್ಲದೆ ರಟ್ಟನ್ನು ತಿರುಗಿಸಿಟ್ಟ. ಅದೇ ಪ್ರಶ್ನೆ. ನಾಣ್ಯ ನೇರವಾಗಿ ಹೋಯಿತು, ಎಂ ಮೊದಲು ಇದ್ದ ಜಾಗಕ್ಕೆ. ಈಗ ಅಲ್ಲಿ ಇದ್ದದ್ದು ಕ್ಯೂ. ಟವೆಲು ಬಿಚ್ಚಿದ ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಗಂಭೀರವಾದಳು.

"ಹಾಗಾದರೆ ಫೇಲ್ ಅಂತ ಬರೆದದ್ದು ನನ್ನ ಭಯವೇನಪ್ಪ?"

"ನಿನ್ನದೋ, ಅವರಿಬ್ಬರದೋ. ಮೂವರಿಗೂ ಪರೀಕ್ಷೆ ಇತ್ತಲ್ಲ."

ಸ್ವಲ್ಪ ಹೊತ್ತು ಬಿಟ್ಟು ನಿಜ ಹೇಳಿದಳು. ಗಣಿತದಲ್ಲಿ ಎರಡು ಪಾಠ ಅರ್ಥವೇ ಆಗಿಲ್ಲವಂತೆ, ತಿಂಗಳಿಂದ ಯಾರಿಗೂ ಹೇಳಿಲ್ಲವಂತೆ. ನಾವು ಕೇಳಬೇಕಾಗಿದ್ದದ್ದು ಅದನ್ನೇ. ನಾಣ್ಯ ತನಗೆ ತಿಳಿದ ರೀತಿಯಲ್ಲಿ ಹೇಳಿತ್ತು, ನಾವು ಅದನ್ನು ಭವಿಷ್ಯ ಎಂದುಕೊಂಡಿದ್ದೆವು.

ಮಲಗಿದ ಮೇಲೆ ಅಜ್ಜಿ ನೆನಪಾದಳು. ಅವಳು ಯಾರಿಗೂ ಮೋಸ ಮಾಡಿದವಳಲ್ಲ. ಕಿರಿಮಗ ದೂರ ಹೋಗುವ ಸಂಕಟವನ್ನು ಅವಳು ಹೇಳಿಕೊಳ್ಳಬಹುದಾಗಿದ್ದ ಬಾಯಿ ಪ್ರಾಯಶಃ ಅದೊಂದೇ ಆಗಿತ್ತು. ಜಾತ್ರೆಯ ಮರುದಿನ ಯಾರಾದರೂ ಪಕ್ಕ ಕೂತು, ಅವನು ಹೋದರೆ ನಿನಗೆ ಭಯವೇನವ್ವ ಎಂದು ಕೇಳಿದ್ದರೆ ಚಿಕ್ಕಪ್ಪನ ಟ್ರಂಕು ಹೊಳೆ ದಾಟುತ್ತಿತ್ತೋ ಏನೋ. ಕೇಳುವುದು ಅವಮಾನವೆಂದುಕೊಂಡು ಎಲ್ಲರೂ ಸುಮ್ಮನಿದ್ದೆವು.

ಶುಕ್ರವಾರ ಹೆಂಡತಿ ಬನಶಂಕರಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದಳು. ಮೈಮೇಲೆ ಬರುವವರ ಮನೆಗೆ ಹೋಗಲಿಲ್ಲ. ರಜೆ ಮುಗಿಸಿ ಹೊರಟ ಮಗಳ ಚೀಲದಲ್ಲಿ ಗಣಿತದ ಪುಸ್ತಕದ ಜೊತೆ ಆ ರಟ್ಟೂ ಇತ್ತು, ಒಂದು ಟವೆಲೂ ಇತ್ತು. ಗೆಳತಿಯರಿಬ್ಬರಿಗೂ ತೋರಿಸಬೇಕಂತೆ.