ಬೇಲಿ ಎದ್ದು ಹೊಲ ಮೇಯ್ದಾಗ

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು ಎಂಬ ಮಾತನ್ನು ನಾವು ಸಾಮಾನ್ಯವಾಗಿ ಊರ ಪಂಚರನ್ನೋ ಸೊಸೈಟಿಯ ಕಾರ್ಯದರ್ಶಿಯನ್ನೋ ಕುರಿತು ಆಡುತ್ತೇವೆ. ಅದು ಮನುಷ್ಯನ ಮೈಯೊಳಗೂ ನಡೆಯುವ ಸಂಗತಿಯೆಂದು ನನಗೆ ತಿಳಿದದ್ದು ಗೋಕಾಕದಲ್ಲಿರುವ ನನ್ನ ಅಕ್ಕನಿಂದ. ರೋಗಾಣುಗಳಿಂದ ದೇಹವನ್ನು ಕಾಯಬೇಕಾದ ನಿರೋಧಶಕ್ತಿ, ತನ್ನ ದೇಹವನ್ನೇ ಹಗೆಯೆಂದು ಬಗೆದು ಅದರ ಮೇಲೆ ಏರಿಹೋಗುವುದುಂಟು. ಇಂಥ ರೋಗಗಳನ್ನು ವೈದ್ಯರು ‘ಆಟೋಇಮ್ಯೂನ್’ ರೋಗಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಎಂಬತ್ತಕ್ಕೂ ಹೆಚ್ಚು ಬಗೆ. ಒಂದೇ ರಕ್ತಸಂಬಂಧದಲ್ಲಿ ಬೇರೆಬೇರೆ ಬಗೆಗಳು ಕಾಣಿಸಿಕೊಳ್ಳುವುದು ಅಪರೂಪವಲ್ಲವಂತೆ. ನಮ್ಮ ಬಳಗದಲ್ಲಿ ಮೂರು ಬಂದು ಕುಳಿತಿವೆ.

ಗೋಕಾಕವೆಂದರೆ ಹೊರಗಿನವರಿಗೆ ಘಟಪ್ರಭೆಯ ಜಲಪಾತ ಮತ್ತು ಕರದಂಟು. ಒಳಗಿನವರಿಗೆ ಅದು ನಸುಕಿನಲ್ಲಿ ಮನೆಮನೆಯಿಂದ ಕೇಳಿಬರುವ ರೊಟ್ಟಿ ಬಡಿಯುವ ಸಪ್ಪಳ. ಜೋಳದ ಹಿಟ್ಟಿಗೆ ಕುದಿನೀರು ಹಾಕಿ, ಅಂಗೈಯ ಬುಡದಿಂದ ಮಿದ್ದಿ, ಎರಡೂ ಕೈಗಳಿಂದ ತಿರುವುತ್ತ ಬಡಿಯುವ ಈ ಕೆಲಸದಲ್ಲಿ ಮಣಿಕಟ್ಟಿನಿಂದ ಬೆರಳ ಗೆಣ್ಣುಗಳವರೆಗೆ ಯಾವ ಕೀಲಿಗೂ ಬಿಡುವಿಲ್ಲ. ಮೂವತ್ತೈದರ ಸುಮಾರಿಗೆ ಅಕ್ಕನ ಕೈಗಳು ಈ ಕೆಲಸಕ್ಕೆ ಒಲ್ಲೆನೆಂದವು. ಬೆಳಗ್ಗೆ ಎದ್ದರೆ ಎರಡೂ ಕೈಗಳ ಬೆರಳ ಬುಡಗಳು ಊದಿರುತ್ತಿದ್ದವು. ಮುಷ್ಟಿ ಕಟ್ಟಲು ಬಾರದು, ಒದ್ದೆ ಬಟ್ಟೆ ಹಿಂಡಲು ಆಗದು. ಹನ್ನೊಂದು ಗಂಟೆಯ ಹೊತ್ತಿಗೆ ಬಿಗಿತ ತಾನಾಗಿಯೇ ಸಡಿಲುತ್ತಿತ್ತು. ಮಧ್ಯಾಹ್ನ ಅವಳೇ ಕುಳಿತು ಶೇಂಗಾ ಚಟ್ನಿ ಕುಟ್ಟುತ್ತಿದ್ದಳು.

“ಮುಂಜಾನೆ ಬಗ್ಗದ ಕೈ ಮಧ್ಯಾಹ್ನಕ್ಕ ಹೆಂಗ ಬಗ್ತಾವ?” ಎಂದು ಅವಳ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಉತ್ತರವನ್ನು ಅವರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಅಕ್ಕನಿಗೆ ಮೈಗಳ್ಳಿ ಎಂಬ ಹೆಸರು ಬಂದಿತು.

ಎರಡು ವರ್ಷಗಳ ಮೇಲೆ ಬೆಳಗಾವಿಯ ಕೀಲುರೋಗತಜ್ಞರೊಬ್ಬರು ಅವಳನ್ನು ಕೇಳಿದ್ದೂ ಅದೇ ಪ್ರಶ್ನೆಯನ್ನು: ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ? ಮುದಿತನದ ಮಂಡಿನೋವು ದುಡಿದಷ್ಟೂ ಹೆಚ್ಚುತ್ತದೆ. ಆಮವಾತದ ಬಿಗಿತವಾದರೋ ಬೆಳಗ್ಗೆ ಗಂಟೆಗೂ ಮೀರಿ ಇದ್ದು, ಕೈಕಾಲು ಆಡಿದಂತೆ ಇಳಿಯುತ್ತದೆ. ಇರುಳಿನ ಕಡೆಯ ಜಾವದಲ್ಲಿ ಉರಿಯೂತವನ್ನು ಹುಟ್ಟಿಸುವ ದ್ರವ್ಯಗಳು ರಕ್ತದಲ್ಲಿ ಏರಿರುವುದೇ ಇದಕ್ಕೆ ಒಂದು ಕಾರಣ. ಅತ್ತೆಯವರು ಸೋಮಾರಿತನಕ್ಕೆ ಕೊಟ್ಟ ಸಾಕ್ಷ್ಯವೇ ವೈದ್ಯರ ಎದುರಿನಲ್ಲಿ ರೋಗದ ಸಾಕ್ಷ್ಯವಾಯಿತು! ನೂರು ಜನರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಬರುವ ಈ ರೋಗ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಎಷ್ಟು ಮನೆಗಳಲ್ಲಿ ಎಷ್ಟು ಸೊಸೆಯರು ಈ ಹೆಸರನ್ನು ಹೊತ್ತಿದ್ದಾರೋ!

ಕಾವಲುಗಾರನಿಗೆ ಈ ಬುದ್ಧಿ ಏಕೆ ಬರುತ್ತದೆ? ಎದೆಯ ಎಲುಬಿನ ಹಿಂದೆ ಥೈಮಸ್ ಎಂಬ ಚಿಕ್ಕ ಗ್ರಂಥಿಯಿದೆ. ನಮ್ಮ ರಕ್ತದ ‘ಟಿ’ ಕಣಗಳಿಗೆ ಅದೇ ಪಾಠಶಾಲೆ. ತನ್ನವರನ್ನೇ ಕಚ್ಚುವ ಸ್ವಭಾವದ ಕಣಗಳನ್ನು ಅಲ್ಲಿಯೇ ಆರಿಸಿ ಅಳಿಸಲಾಗುತ್ತದೆ. ಆದರೆ ಯಾವ ಶಾಲೆಯ ಪರೀಕ್ಷೆಯಲ್ಲಿ ಕೆಲವರು ನುಸುಳುವುದಿಲ್ಲ? ಹಾಗೆ ನುಸುಳಿದವನ್ನು ಹದ್ದಿನಲ್ಲಿಡುವ ಬೇರೊಂದು ಪಂಗಡವಿದೆಯೆಂದು ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ತೋರಿಸಿದರು. ಅವರಿಗೂ ಅಮೆರಿಕದ ಮೇರಿ ಬ್ರಂಕೋ ಹಾಗೂ ಫ್ರೆಡ್ ರಾಮ್ಸ್‌ಡೆಲ್ ಅವರಿಗೂ 2025ರ ನೊಬೆಲ್ ಪ್ರಶಸ್ತಿ ಬಂದಿತು. ಸೋಜಿಗವೆಂದರೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಾಲ್ ಏರ್ಲಿಕ್ ಎಂಬ ಮಹಾವಿಜ್ಞಾನಿ, ದೇಹವು ತನ್ನನ್ನು ತಾನೇ ನೋಯಿಸಿಕೊಳ್ಳಲು ಹೇಸುತ್ತದೆ ಎಂದು ಹೇಳಿದ್ದನು. ಆ ದೊಡ್ಡ ಹೆಸರಿನ ನೆರಳಿನಲ್ಲಿ ಬಹುಕಾಲ ಹೆಚ್ಚಿನವರು ಈ ಕಡೆಗೆ ತಿರುಗಿ ನೋಡಲಿಲ್ಲ. 1956ರಲ್ಲಿ ನೋಯಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್‌ಸ್ಕಿ, ಮೊಲಗಳ ದೇಹವು ತನ್ನದೇ ಥೈರಾಯ್ಡ್ ಗ್ರಂಥಿಯನ್ನು ಕೆಡಿಸಿಕೊಳ್ಳುವುದನ್ನು ಪ್ರಯೋಗದಿಂದ ತೋರಿಸಿದರು. ಪಂಡಿತರಿಗೇ ಅಷ್ಟು ತಡವಾಗಿ ಹೊಳೆದದ್ದು ಅಕ್ಕನ ಅತ್ತೆಗೆ ಹೊಳೆಯಲಿಲ್ಲವೆಂದು ಸಿಟ್ಟಾಗುವುದು ಹೇಗೆ?

ಆ ಎರಡು ವರ್ಷ ಅಕ್ಕ ಸುಮ್ಮನೆ ಕುಳಿತಿರಲಿಲ್ಲ. ಯಾರೋ ಹೇಳಿದರೆಂದು ಹೆಸರಿಲ್ಲದ ಪೊಟ್ಟಣದ ಪುಡಿಯೊಂದನ್ನು ನುಂಗಿದಳು. ಮೂರೇ ದಿನದಲ್ಲಿ ರೊಟ್ಟಿ ಬಡಿದಳು! ಮುಖ ದುಂಡಗಾಯಿತು, ಸೊಸೆ ಮೈಕೈ ತುಂಬಿಕೊಂಡಳೆಂದು ಬೀದಿಯವರೆಲ್ಲ ಕೊಂಡಾಡಿದರು. ನಮ್ಮ ದೇಶದಲ್ಲಿ ಇಂಥ ಪುಡಿಗಳನ್ನು ಪರೀಕ್ಷಿಸಿದಾಗ ಹಲವೆಡೆ ಸ್ಟಿರಾಯ್ಡ್ ಬೆರೆತಿರುವುದು ಕಂಡುಬಂದಿದೆ. ಈ ಜಾತಿಯ ಔಷಧವನ್ನು ಅಮೆರಿಕದ ಫಿಲಿಪ್ ಹೆಂಚ್ 1948ರಲ್ಲಿ ಆಮವಾತದ ರೋಗಿಗೆ ಮೊದಲು ಕೊಟ್ಟಾಗ, ಹಾಸಿಗೆ ಹಿಡಿದವರು ಕೆಲವೇ ದಿನಗಳಲ್ಲಿ ಎದ್ದು ನಡೆದರು. 1950ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿಯೂ ಸಂದಿತು. ಆಮೇಲೆ ಬಂದದ್ದು ಚಂದ್ರನಂತೆ ಊದಿದ ಮುಖ, ಟೊಳ್ಳಾದ ಎಲುಬು, ಏರಿದ ಸಕ್ಕರೆ. ವೈದ್ಯರ ಕೈಯಲ್ಲಿ ಅಳತೆಯಿಂದ ಬಳಸಿದರೆ ಅದು ಒಳ್ಳೆಯ ಆಯುಧ. ಹೆಸರಿಲ್ಲದ ಪೊಟ್ಟಣದಲ್ಲಿ ಅಳತೆ ಎಲ್ಲಿಂದ ಬರಬೇಕು? ಅಕ್ಕನ ನೋವು ಮರೆಯಾಗಿದ್ದಾಗಲೂ ಕೀಲುಗಳು ಒಳಗೊಳಗೇ ಸವೆಯುತ್ತಿದ್ದವು. ಅವಳ ಎರಡು ಬೆರಳುಗಳು ಸೊಟ್ಟಗಾದವು. ಇನ್ನು ಅವು ನೆಟ್ಟಗಾಗುವುದಿಲ್ಲ.

ಈಗ ಅವಳು ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ನುಂಗುತ್ತಾಳೆ. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ ಎಂಬುದನ್ನು ಓದುಗರು ದಯಮಾಡಿ ನೆನಪಿಡಬೇಕು. ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಅಕ್ಕನ ಮನೆಯ ಕ್ಯಾಲೆಂಡರಿನಲ್ಲಿ ಸೋಮವಾರಗಳಿಗೆಲ್ಲ ಕುಂಕುಮದ ಬೊಟ್ಟು ಬಿದ್ದಿದೆ. ಇಟ್ಟವರು ಅತ್ತೆ. ಯಕೃತ್ತಿಗೆ ತೊಂದರೆಯಾಗದಂತೆ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು, ಗರ್ಭಿಣಿಯರು ಅದನ್ನು ಮುಟ್ಟಬಾರದು. ಇಷ್ಟು ಎಚ್ಚರವಿದ್ದರೆ ಆ ಮಾತ್ರೆ ಬಹಳ ಮಂದಿಯ ಕೈಗಳನ್ನು ಉಳಿಸಿದೆ.

ಗೋಕಾಕದ ಈಶಾನ್ಯಕ್ಕೆ ಮೂಡಲಗಿ. ಮೊದಲು ಗೋಕಾಕ ತಾಲೂಕಿನಲ್ಲಿದ್ದ ಆ ಊರು ಈಗ ತಾನೇ ಒಂದು ತಾಲೂಕಾಗಿದೆ. ಅಲ್ಲಿ ನನ್ನ ಸೋದರಮಾವನ ಮೊಮ್ಮಗನಿಗೆ ಒಂಬತ್ತನೆಯ ವಯಸ್ಸಿಗೇ ಮಧುಮೇಹ. ಕಬ್ಬಿನ ನಾಡಲ್ಲವೇ? ಬೆಲ್ಲ ತಿನ್ನಿಸಿ ಕೆಡಿಸಿದಳೆಂದು ಎಲ್ಲರೂ ತಾಯಿಯನ್ನು ಆಡಿಕೊಂಡರು. ಬೆಲ್ಲಕ್ಕೂ ಈ ರೋಗಕ್ಕೂ ಸಂಬಂಧವಿಲ್ಲ. ಇನ್ಸುಲಿನ್ ಮಾಡುವ ಕಣಗಳನ್ನು ಹುಡುಗನ ನಿರೋಧಶಕ್ತಿಯೇ ಕೊಂದುಹಾಕಿದೆ. ಇನ್ಸುಲಿನ್ ಚುಚ್ಚುಮದ್ದನ್ನು ನಿಲ್ಲಿಸಿ ಎಲೆಯ ರಸ ಕುಡಿಸಿರೆಂದು ಹೇಳುವ ಹಿತೈಷಿಗಳನ್ನು ಮನೆಯ ಹೊಸ್ತಿಲು ದಾಟಿಸದಿರುವುದೇ ಆ ತಾಯಿಗೆ ಈಗ ದೊಡ್ಡ ಕೆಲಸ.

ಮೂರನೆಯದು ಹುಕ್ಕೇರಿಯಲ್ಲಿ, ನಮ್ಮ ಕಾಕಾನ ಮಗಳಿಗೆ. ಶಾಲೆಯಲ್ಲಿ ಕಲಿಸುವ ಹುಡುಗಿ. ತುಟಿಯ ಅಂಚಿನಲ್ಲಿಯೂ ಬೆರಳ ತುದಿಗಳಲ್ಲಿಯೂ ಬಿಳಿಯ ಕಲೆಗಳು. ಚರ್ಮಕ್ಕೆ ಬಣ್ಣ ಕೊಡುವ ಕಣಗಳ ಮೇಲೆ ಇಲ್ಲಿ ದಾಳಿ. ತೊನ್ನಿನಿಂದ ನೋವಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ, ಪ್ರಾಣಭಯವಿಲ್ಲ. ಮೂರರಲ್ಲಿ ಮೈಗೆ ಅತ್ಯಂತ ಸೌಮ್ಯವಾದದ್ದು ಇದೇ. ಆದರೆ ಬಳಗದಲ್ಲಿ ಹೆಚ್ಚು ಕಣ್ಣೀರು ತರಿಸಿದ್ದೂ ಇದೇ. ಇದನ್ನು ಕುಷ್ಠವೆಂದು ತಿಳಿಯುವವರು ಇನ್ನೂ ಇದ್ದಾರೆ.

ಮೊನ್ನೆ ಹುಡುಗಿಯನ್ನು ನೋಡಲು ಗಂಡಿನವರು ಬಂದಾಗ ನಾನೂ ಹೋಗಿದ್ದೆ. ಕಲೆಗಳನ್ನು ಪುಡಿ ಬಳಿದು ಮುಚ್ಚಬೇಕೆಂದು ಕಾಕೂ ಹೇಳಿದ್ದಳು, ಹುಡುಗಿ ಒಪ್ಪಲಿಲ್ಲ. ಗಂಡಿನ ತಾಯಿ ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು: “ಮುಟ್ಟಿದ್ರ ಹತ್ತತೈತೇನ್ರಿ?”

“ಇಲ್ಲ ತಾಯಿ, ಎಂದೂ ಹತ್ತುವುದಿಲ್ಲ.”

“ಮತ್ತ ಮಕ್ಕಳಿಗೆ?”

ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದ. ಮಿಕ್ಕವರ ಮಕ್ಕಳಿಗಿಂತ ಸಂಭವ ಸ್ವಲ್ಪ ಹೆಚ್ಚು, ಆದರೆ ಬಹುಪಾಲು ಮಕ್ಕಳಿಗೆ ಬರುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಕಾಕಾ ತಲೆ ತಗ್ಗಿಸಿದ. ಅವರು ಚಹಾ ಕುಡಿದು, ಹೇಳಿ ಕಳಿಸುತ್ತೇವೆಂದು ಎದ್ದರು.

ಹದಿನೈದು ದಿನ ಕಳೆದರೂ ಹಿರಿಯರಿಂದ ಮಾತಿಲ್ಲ. ನಿನ್ನೆ ಸಂಜೆ ಹುಡುಗ ತಾನೇ ಫೋನು ಮಾಡಿ, ಅವಳ ಶಾಲೆಗೆ ರಜೆ ಯಾವಾಗ ಎಂದು ಕೇಳಿದನಂತೆ.